ಮಿಲ್ಕಾ ಮಾವಶಿಯ ಮಶೀದ್

ನೆನೆಸಿದ ಅವಲಕ್ಕಿಯ ಮೇಲೆ ಗುಲಾಬಿ ಎಸಳು ಬಿದ್ದರೆ ಒಂದು ವಾಸನೆ ಏಳುತ್ತದೆ. ನಮ್ಮಲ್ಲಿ ಅವಲಕ್ಕಿಗೆ ಗುಲಾಬಿ ಹಾಕುವ ಕ್ರಮವಿಲ್ಲ. ಬೆಲ್ಲ, ಕಾಯಿತುರಿ, ಏಲಕ್ಕಿ, ಮುಗಿಯಿತು. ಮೊನ್ನೆ ಚೌತಿಗೆ ಹೋಟೆಲಿನ ಅಡಿಗೆಮನೆಯಲ್ಲಿ ಪಂಚಕಜ್ಜಾಯ ಕಲೆಸುತ್ತಿದ್ದಾಗ ಗಣಪತಿ ಫೋಟೋಕ್ಕೆ ಹಾಕಿದ್ದ ಹಾರದಿಂದ ನಾಲ್ಕು ಎಸಳು ಉದುರಿ ಪಾತ್ರೆಗೆ ಬಿದ್ದವು. ಆ ವಾಸನೆ ಮೂಗಿಗೆ ತಾಗಿದ್ದೇ ತಡ, ಹೋದ ವರ್ಷದ ಮಳೆಗಾಲ ಇಡೀ ಎದುರು ಬಂದು ನಿಂತಿತು. ಕೈ ತೊಳೆದುಕೊಂಡು ಕೌಂಟರಿಗೆ ಬಂದು ಕೂತೆ. ನಾಚಿಕೆಯಾದರೆ ನನಗೆ ಕಿವಿ ಬಿಸಿಯಾಗುತ್ತದೆ. ಮೊನ್ನೆಯೂ ಆಯಿತು.

ಗುಲಾಬಿ ಹಾಕಿದ ಅವಲಕ್ಕಿ ಮಿಲ್ಕಾ ಮಾವಶಿಯದು. ಮಾವಶಿ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ; ಗಲ್ಲಿಗೆಲ್ಲ ಅವರು ಮಾವಶಿಯೇ. ಮುಂಬೈ ಪಕ್ಕದ ಠಾಣೆ ಊರಿನಲ್ಲಿ ನಮ್ಮ ಹೋಟೆಲಿನ ಬೆನ್ನಿಗೇ ಇರುವ ಹಳೆಯ ಚಾಳ್ ವಠಾರದಲ್ಲಿ ಅವರ ಮನೆ. ಅವರು ಇಸ್ರೇಲಿ ಜನ, ಅಂದರೆ ಕೊಂಕಣದ ಕರಾವಳಿಯಲ್ಲಿ ತಲೆಮಾರುಗಳಿಂದ ಬಾಳಿದ ಯೆಹೂದಿಗಳು. ಮನೆಮಾತು ಮರಾಠಿ, ಉಡುವುದು ಸೀರೆ, ಅಡ್ಡಹೆಸರು ಯಾವುದೋ ಹಳ್ಳಿಯ ಹೆಸರಿಗೆ 'ಕರ್' ಸೇರಿಸಿದ್ದು. ನಾನು ಚಿಕ್ಕವಳಿದ್ದಾಗ ಗಲ್ಲಿಯಲ್ಲಿ ಅವರ ಮನೆಗಳು ಹತ್ತಾರು ಇದ್ದವು. ಒಂದೊಂದಾಗಿ ಇಸ್ರೇಲಿಗೆ ಹೋಗಿ ಈಗ ಉಳಿದದ್ದು ಮಾವಶಿಯ ಮನೆಯೊಂದೇ. ಹರಕೆ ತೀರಿದರೆ, ದೂರದಿಂದ ಯಾರಾದರೂ ಕ್ಷೇಮವಾಗಿ ಬಂದು ತಲುಪಿದರೆ ಅವರು 'ಮಲಿದಾ' ಮಾಡುತ್ತಾರೆ. ಸಿಹಿ ಅವಲಕ್ಕಿ, ಕಾಯಿತುರಿ, ಸುತ್ತ ಹಣ್ಣುಗಳು, ಮೇಲೆ ಗುಲಾಬಿ. ಎಲಿಯಾಹು ಎಂಬ ಪ್ರವಾದಿಯನ್ನು ನೆನೆದು ಹಾಡಿ ಎಲ್ಲರಿಗೂ ಹಂಚುತ್ತಾರೆ. ಅಮ್ಮ ಅದನ್ನು ಮೊದಲ ಸಲ ನೋಡಿದಾಗ, "ಇದು ನಮ್ಮ ಪಂಚಕಜ್ಜಾಯವೇ ಅಲ್ವಾ, ದೇವರು ಮಾತ್ರ ಬೇರೆ" ಎಂದಿದ್ದಳಂತೆ. ಅಂದಿನಿಂದ ಮಲಿದಾಕ್ಕೆ ಅವಲಕ್ಕಿ ಹೋಗುವುದು ನಮ್ಮ ಹೋಟೆಲಿನಿಂದಲೇ.

ಮಾವಶಿಯ ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಶುಕ್ರವಾರ ಸಂಜೆಯ ಪ್ರಾರ್ಥನೆಗೆ ಹೋಗುವ ತಮ್ಮ ಮಂದಿರವನ್ನು ಅವರು 'ಮಶೀದ್' ಅನ್ನುತ್ತಾರೆ. ಹಳೆಯ ಇಸ್ರೇಲಿ ಜನ ಎಲ್ಲರೂ ಹಾಗೆಯೇ ಅನ್ನುತ್ತಿದ್ದರು. ಗೇಟಿನ ಬೋರ್ಡಿನಲ್ಲಿ ಸಿನಗಾಗ್ ಎಂದಿದೆ, ಆದರೆ ಬೋರ್ಡು ಓದಿಕೊಂಡು ಮಾತಾಡುವವರು ಯಾರು? ಮುಸಲ್ಮಾನರದು ಅವರ ಮಸೀದಿ, ಇವರದು ಇಸ್ರೇಲಿ ಮಶೀದ್. ನನ್ನ ಅಪ್ಪ ಗಿರಾಕಿಗಳಿಗೆ ದಾರಿ ಹೇಳುವಾಗಲೂ "ಇಸ್ರೇಲಿ ಮಶೀದಿಯ ಹತ್ತಿರ ಬಲಕ್ಕೆ ತಿರುಗಿ" ಎನ್ನುತ್ತಿದ್ದರು. ಆ ಮಾತು ನನ್ನ ಕಿವಿಗೆ ಎಷ್ಟು ಒಗ್ಗಿಹೋಗಿತ್ತೆಂದರೆ ಅದರಲ್ಲಿ ಇನ್ನೊಂದು ಅರ್ಥವಿದೆ ಎಂಬುದೇ ಮರೆತಿತ್ತು.

ಮನ್ಯಾ ಮಾವಶಿಯ ಅಕ್ಕನ ಮಗ. ಪೂರ್ತಿ ಹೆಸರು ಇಮ್ಯಾನುಯೆಲ್. ಗಲ್ಲಿಯಲ್ಲಿ ಅಷ್ಟುದ್ದ ಕರೆಯಲು ಯಾರಿಗೂ ಪುರುಸೊತ್ತಿರಲಿಲ್ಲ. ಅವನು ಚಿಕ್ಕವನಿದ್ದಾಗಲೇ ತಾಯಿ ಹೋದಳು, ಆಮೇಲೆ ತಂದೆಯೂ. ಮಾವಶಿ ಮದುವೆಯಾಗಲಿಲ್ಲ. ವಾಗ್ಳೆ ಎಸ್ಟೇಟಿನ ಕಾರ್ಖಾನೆಯೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿ ದುಡಿದು ಅವನನ್ನು ಸಾಕಿದರು. ಅವನೂ ನಾನೂ ಒಂದೇ ತರಗತಿ. ಮಧ್ಯಾಹ್ನ ಅವನ ಊಟ ನಮ್ಮ ಹೋಟೆಲಿನಲ್ಲಿ. ಮಾಂಸವೇ ಬೇಯದ ಅಡಿಗೆಮನೆ, ಹಾಗಾಗಿ ಅವರ ಧರ್ಮಕ್ಕೂ ಅಡ್ಡಿಯಿಲ್ಲ. ನನ್ನ ಗುಂಡು ಮುಖ ನೋಡಿ 'ಇಡ್ಲಿ' ಎಂದು ರೇಗಿಸುತ್ತಿದ್ದ, ನಾನು ಅವನ ತಟ್ಟೆಗೆ ಬೇಕೆಂದೇ ಹೆಚ್ಚು ಮೆಣಸಿನಕಾಯಿ ಹಾಕಿಸುತ್ತಿದ್ದೆ.

ಕಾಲೇಜು ಮುಗಿದದ್ದೇ ಅವನೂ ಇಸ್ರೇಲಿಗೆ ಹೊರಟ. ಮರುಭೂಮಿಯ ಅಂಚಿನ ಊರೊಂದರಲ್ಲಿ ಬಾಟಲಿ ಕಾರ್ಖಾನೆಯ ಕೆಲಸ, ಆಮೇಲೆ ಸೈನ್ಯ. ಮದುವೆ ನೋಂದಾಯಿಸಲು ಹೋದಾಗ ಅಲ್ಲಿಯ ಧರ್ಮಗುರುವೊಬ್ಬ, ನೀವು ಇಂಡಿಯಾದವರು, ನಿಮ್ಮ ಅಜ್ಜಿ ಮುತ್ತಜ್ಜಿಯರು ನಿಜವಾಗಿಯೂ ಯೆಹೂದಿಗಳೇ ಎಂದು ನಾವು ಹೇಗೆ ನಂಬುವುದು ಎಂದು ಕೇಳಿದನಂತೆ. ಹುಡುಗಿಯ ಮನೆಯವರ ಎದುರೇ ಕೇಳಿದ್ದು. ಕೊನೆಗೆ ಮದುವೆಯೇನೋ ಆಯಿತು. "ಅವತ್ತು ಫೋನಿನಲ್ಲಿ ಮಗುವಿನ ಹಾಗೆ ಅತ್ತ. ಆಮೇಲೆ ಒಂದು ಸಲವೂ ಅತ್ತಿಲ್ಲ" ಎಂದು ಮಾವಶಿ ಹೇಳುತ್ತಿದ್ದರು. (ಅವರು ಮಾತಾಡುವುದು ಮರಾಠಿ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.)

ಇನ್ನೊಮ್ಮೆ ಆ ಪ್ರಶ್ನೆ ಯಾರೂ ಕೇಳಬಾರದು ಎಂದು ಅವನು ಹಟ ತೊಟ್ಟಿರಬೇಕು. ಗಡ್ಡ ಬಿಟ್ಟ, ಟೋಪಿ ಹಾಕಿದ, ರಾತ್ರಿ ಪಾಠಶಾಲೆಯಲ್ಲಿ ಶಾಸ್ತ್ರ ಓದಿ ಧಾರ್ಮಿಕ ಶಾಲೆಯ ಮೇಷ್ಟರಾದ. 'ಕರ್' ಕಿತ್ತು ಹಾಕಿ ಹೀಬ್ರೂ ಅಡ್ಡಹೆಸರು ಇಟ್ಟುಕೊಂಡ. ಈ ನೆಲ ದೇವರು ಕೊಟ್ಟದ್ದು, ಒಂದು ಗೇಣೂ ಬಿಡುವುದಿಲ್ಲ ಎನ್ನುವ ಪಕ್ಷವೊಂದನ್ನು ಸೇರಿದ. ಊರಿನ ಕೌನ್ಸಿಲಿಗೆ ಗೆದ್ದ. ಅರಬರೊಂದಿಗೆ ತಕರಾರು ಇರುವ ಒಂದು ಗುಡ್ಡದ ಮೇಲೆ ಮನೆ ಕಟ್ಟಿ ಹೆಂಡತಿ ಮಕ್ಕಳೊಂದಿಗೆ ಹೋಗಿ ಕೂತ. ಅವನ ಭಾಷಣಗಳು ಫೋನಿಗೆ ಬರತೊಡಗಿದವು, ಕೆಳಗೆ ಇಂಗ್ಲಿಷ್ ಸಾಲುಗಳು. ಒಪ್ಪದವರಿಗೆ ದಾರಿ ತೆರೆದಿದೆ, ಹೋಗಬಹುದು ಎಂದು ಅವನು ಬೆರಳು ತೋರಿಸಿ ಹೇಳುವಾಗ ನನಗೆ ಎದೆ ಉಬ್ಬುತ್ತಿತ್ತು. ಯಾರು ಹೋಗಬೇಕು, ಎಲ್ಲಿಗೆ ಹೋಗಬೇಕು ಎಂದು ನಾನು ಯೋಚಿಸಲಿಲ್ಲ. ನಮ್ಮ ಮೆಣಸಿನಕಾಯಿ ತಿಂದ ಹುಡುಗ ಅಷ್ಟು ದೊಡ್ಡ ಮೈಕಿನ ಮುಂದೆ ನಿಂತಿದ್ದಾನೆ, ಅಷ್ಟೇ ನನಗೆ ಕಂಡದ್ದು. ಡೊಂಬಿವಲಿಯ ನಮ್ಮ ಕನ್ನಡ ಬಳಗದ ಗ್ರೂಪಿಗೆ ಕಳಿಸಿದರೆ ಚಪ್ಪಾಳೆಯ ಚಿತ್ರಗಳ ಮಳೆ. ಹೋಟೆಲಿನ ಟೀವಿಗೂ ಹಾಕುತ್ತಿದ್ದೆ.

ಭಿವಂಡಿಯಿಂದ ಮೇಜು ಒರೆಸುವ ಬಟ್ಟೆ, ಟವೆಲು ತಂದುಕೊಡುವ ಅನ್ಸಾರಿ ಭಾಯ್ ಒಂದು ದಿನ ಕಾಫಿ ಕುಡಿಯುತ್ತ ಕೂತಿದ್ದರು. ಟೀವಿಯಲ್ಲಿ ಮನ್ಯಾ ಗುಡುಗುತ್ತಿದ್ದ. ಅನ್ಸಾರಿ ಭಾಯ್ ಲೋಟ ಎತ್ತಿಕೊಂಡು ಟೀವಿಗೆ ಬೆನ್ನಾಗುವ ಕುರ್ಚಿಗೆ ಹೋಗಿ ಕೂತರು. ನಾನು ದನಿ ಕಡಿಮೆ ಮಾಡಿದೆ. ಆರಿಸಲಿಲ್ಲ.

ಹೋದ ವರ್ಷ ಶ್ರಾವಣದಲ್ಲಿ ಅವನೇ ಬಂದ. ಪಾರ್ಲಿಮೆಂಟಿನ ಚುನಾವಣೆಗೆ ಪಕ್ಷದ ಪಟ್ಟಿಯಲ್ಲಿ ಯಾರ ಹೆಸರು ಮೇಲೆ ಬರಬೇಕೆಂದು ಪಕ್ಷದೊಳಗೇ ಮತ ಹಾಕುವ ಹೊತ್ತು ಅದು. ಬೇರೇನೋ ಕೆಲಸಕ್ಕೆ ಮುಂಬೈಗೆ ಬಂದವನು ಒಂದು ಹಗಲು ಬಿಡುವು ಮಾಡಿಕೊಂಡು ಠಾಣೆಗೆ ಬರುತ್ತೇನೆಂದು ತಿಳಿಸಿದ. ಮಾವಶಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನನ್ನ ಗಂಡ ಬೆಳಗಿನ ಜಾವವೇ ಎದ್ದು ವಾಶಿ ಮಾರ್ಕೆಟ್ಟಿಗೆ ಹೋಗಿ ಮಲಿದಾಕ್ಕೆ ಹಣ್ಣು ತಂದರು. ಅವತ್ತಿನ ಮಳೆ ಎಂದರೆ ಮಳೆ; ಗಲ್ಲಿಯಲ್ಲಿ ಮೊಣಕಾಲುದ್ದ ನೀರು, ಕಲ್ಯಾಣದ ಕಡೆಯ ಲೋಕಲ್‌ಗಳೆಲ್ಲ ಠಾಕುರ್ಲಿಯಲ್ಲಿ ನಿಂತುಬಿಟ್ಟಿದ್ದವು. ಪ್ಯಾಂಟು ಮಡಚಿ, ಚಪ್ಪಲಿ ಕೈಯಲ್ಲಿ ಹಿಡಿದು ನೀರಿನಲ್ಲಿ ನಡೆದು ಬಂದ ಬಿಳಿ ಗಡ್ಡದ ಗಂಡಸನ್ನು ನೋಡಿ ನಾನು ಕೈಮುಗಿದೆ.

"ಏ ಇಡ್ಲಿ, ನನಗೇ ನಮಸ್ಕಾರ ಮಾಡ್ತೀಯಾ?" ಎಂದ.

ಒಳ್ಳೆಯ ದಿನ ಅದು, ಸುಳ್ಳು ಹೇಳಬಾರದು. ಎರಡು ತಟ್ಟೆ ಅವಲಕ್ಕಿ ತಿಂದ. ಹಾಡು ಹೇಳುವಾಗ ಮಾವಶಿಯ ಹಳೆಯ ದನಿಗೆ ದನಿ ಸೇರಿಸಿದ. ಮಾವಶಿ ಅವನ ಟೋಪಿ ತೆಗೆದು ಒದ್ದೆ ತಲೆ ಒರೆಸಿ ಮತ್ತೆ ಟೋಪಿ ಇಟ್ಟರು. ನನ್ನ ಮಗಳು ಅನ್ವಿತಾ ಇದನ್ನೆಲ್ಲ ಫೋನಿನಲ್ಲಿ ತೆಗೆಯುತ್ತಿದ್ದಳು. ನಾನೇ ಹೇಳಿದ್ದೆ, ಹೋಟೆಲಿನ ಪೇಜಿಗೆ ಹಾಕೋಣ ಎಂದು. ಹೊರಡುವ ಹೊತ್ತಿಗೆ ಬಾಗಿಲಲ್ಲಿ ನಿಂತ ಅವನ ಕೆನ್ನೆ ಹಿಡಿದು ಮಾವಶಿ ಹೇಳಿದರು: "ಮನ್ಯಾ, ಶುಕ್ರವಾರೀ ಸಂಧ್ಯಾಕಾಳೀ ಮಶೀದೀತ್ ಯೇ. ತುಝ್ಯಾ ಬಾಬಾಂಚೀ ಜಾಗಾ ಅಜೂನ್ ತಶೀಚ್ ಆಹೇ." ಶುಕ್ರವಾರ ಸಂಜೆ ಮಶೀದಿಗೆ ಬಾ, ನಿನ್ನ ಅಪ್ಪನ ಜಾಗ ಇನ್ನೂ ಹಾಗೇ ಇದೆ. "ಯೇತೋ, ಮಾವಶಿ", ಬರ್ತೀನಿ ಎಂದ ಅವನು. ಗುರುವಾರವೇ ಅವನ ವಿಮಾನ ಎಂದು ನನಗೆ ಗೊತ್ತಿತ್ತು, ಮಾವಶಿಗೂ ಗೊತ್ತಿತ್ತು.

ಅನ್ವಿತಾ ವಿಡಿಯೋಗೆ ಸಂಗೀತ ಹಾಕಿ, ಕೆಳಗೆ ಇಂಗ್ಲಿಷ್ ಸಾಲುಗಳನ್ನು ಕೂರಿಸಿದಳು. ಮಶೀದ್ ಎಂದದ್ದನ್ನು ಇಂಗ್ಲಿಷಿನಲ್ಲಿ ಮಸೀದಿಗೆ ಅನ್ನುವ ಹಾಗೆ 'ಮಾಸ್ಕ್' ಎಂದೇ ಬರೆದಳು. ಹಾಕುವ ಮೊದಲು ನನಗೆ ತೋರಿಸಿದಳು. ನಾನು ಕನ್ನಡಕ ಏರಿಸಿ, ಒಂದಲ್ಲ ಎರಡು ಸಲ ಓದಿದೆ. ಕೆನ್ನೆ ಹಿಡಿದ ಕಡೆ ಕಣ್ಣಲ್ಲಿ ನೀರೂ ಬಂತು. ಒಂದು ಅಕ್ಷರವೂ ತಪ್ಪಾಗಿ ಕಾಣಲಿಲ್ಲ. ಮಾವಶಿ ಹೇಳಿದ್ದು ಮಶೀದ್, ಬರೆದದ್ದೂ ಅದೇ. "ಹಾಕು" ಎಂದೆ. ನಾನೇ ಬಳಗದ ಗ್ರೂಪಿಗೂ ಕಳಿಸಿದೆ, ಮನ್ಯಾನ ಪಕ್ಷದ ಪೇಜಿಗೂ ಜೋಡಿಸಿದೆ.

ಎರಡು ದಿನ ಎಲ್ಲರೂ ಹೊಗಳಿದರು. ಆಮೇಲೆ ಗೊತ್ತಿಲ್ಲದ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಸಾಲುಸಾಲು ಟೀಕೆಗಳು ಬಂದು ಬೀಳತೊಡಗಿದವು. ಮಧ್ಯಾಹ್ನದ ಊಟದ ಗಲಾಟೆಯಲ್ಲಿ ಅವನ ಫೋನು ಬಂತು.

"ಶಾಲೂ, ಏನು ಮಾಡಿಬಿಟ್ಟೆ?"

ನನಗೆ ತಲೆಬುಡ ತಿಳಿಯಲಿಲ್ಲ.

"ಶುಕ್ರವಾರ. ಮಸೀದಿ. ಅಪ್ಪನ ಜಾಗ. ಇಲ್ಲಿ ಇದನ್ನ ಹೇಗೆ ಓದ್ತಾರೆ ಗೊತ್ತಾ? ಇವನಪ್ಪ ಮುಸಲ್ಮಾನ ಅಂತ. ಪಕ್ಷದೊಳಗೆ ನನ್ನ ಎದುರಾಳಿ ಇದ್ದಾನಲ್ಲ, ಅವನ ಕಡೆಯವರು ಮನೆಮನೆಗೆ ಕಳಿಸಿದ್ದಾರೆ."

"ಅಯ್ಯೋ, ಅದು ನಿಮ್ಮ ಮಶೀದ್ ಅಲ್ವಾ ಮನ್ಯಾ! ನಮ್ಮಲ್ಲಿ ಹಾಗೇ ಅನ್ನೋದು ಅಂತ ಹೇಳಿಬಿಡು."

"ಅದೊಂದನ್ನೇ ನಾನು ಹೇಳೋ ಹಾಗಿಲ್ಲ. 'ನಮ್ಮಲ್ಲಿ ಹಾಗೆ' ಅಂದ ತಕ್ಷಣ ನಾನು ಅವರಲ್ಲಿ ಒಬ್ಬ ಅಲ್ಲ ಅಂತ ಆಯ್ತು. ಇಷ್ಟು ವರ್ಷ ಆಯ್ತು ಶಾಲೂ, ಇನ್ನೂ ಅದೇ ಪ್ರಶ್ನೆ."

ವಿಡಿಯೋ ತೆಗೆಸಿಹಾಕಿದೆ. ಅಷ್ಟರಲ್ಲಿ ಅದು ನಮ್ಮ ಕೈಯಲ್ಲಿ ಇರಲಿಲ್ಲ. ಅನ್ವಿತಾಳ ಮೇಲೆ ಕೂಗಾಡಿದೆ. ಅವಳು ಹುಟ್ಟಿದ್ದೂ ಬೆಳೆದದ್ದೂ ಇಲ್ಲೇ; ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. "ಮಮ್ಮಾ, ಮಶೀದ್ ಮತ್ಲಬ್ ಮಾಸ್ಕ್ ಹೀ ಹೋತಾ ಹೈ ನಾ? ಆಪ್ನೇ ಭೀ ತೋ ಪಢಾ ಥಾ!" ಎಂದಳು. ಮಶೀದ್ ಎಂದರೆ ಮಸೀದಿಯೇ ತಾನೇ, ನೀನೂ ಓದಿದ್ದೆಯಲ್ಲ ಎಂದು. ನಾನೂ ಓದಿದ್ದೆ, ಹೌದು. ನನ್ನ ಗಂಡ ಗಲ್ಲಾಪೆಟ್ಟಿಗೆಯ ಹಿಂದಿನಿಂದ, "ಎಂತ ಮಾರಾಯ್ತಿ, ಆ ಹುಡುಗಿಗೆ ಯಾಕೆ ಬೈಯುವುದು? ಗೊತ್ತಿದ್ದವಳು ನೀನಲ್ವಾ?" ಎಂದರು.

ಬಳಗದ ಗ್ರೂಪಿನಲ್ಲಿ ಚಪ್ಪಾಳೆ ಹೊಡೆದವರೇ ಈಗ, ಆ ಮುದುಕಿ ನಿಜಕ್ಕೂ ಯಾರು, ಮೊದಲೇ ವಿಚಾರಿಸಬೇಕಿತ್ತು ಎಂದು ಬರೆದರು. ನಾನು ಎಲ್ಲರಿಗೂ ಬಿಡಿಸಿ ಹೇಳುತ್ತ ಕೂತೆ: ಛೆ ಛೆ, ಅವರು ಹಾಗಲ್ಲ, ಮಾತು ಹಾಗೆ ಅಷ್ಟೇ. ಹೋಟೆಲಿನಲ್ಲಿ ಒಬ್ಬ ಗಿರಾಕಿಗೆ ಹೀಗೆ ಸಮಜಾಯಿಷಿ ಕೊಡುತ್ತಿದ್ದಾಗ ಅನ್ಸಾರಿ ಭಾಯ್ ಬಟ್ಟೆಯ ಗಂಟು ಹೊತ್ತು ಬಾಗಿಲಲ್ಲಿ ನಿಂತಿದ್ದರು. ಆ ವಿಡಿಯೋವನ್ನು ಅವರೂ ನೋಡಿದ್ದರಂತೆ. ಗಂಟು ಇಳಿಸಿ, "ಭಾಭೀ, ಮಸ್ಜಿದ್ ಇತ್ನಾ ಖರಾಬ್ ಲಫ್ಜ್ ಹೈ ಕ್ಯಾ?" ಎಂದು ಕೇಳಿದರು. ಕೋಪವಿರಲಿಲ್ಲ ದನಿಯಲ್ಲಿ. ಮಸೀದಿ ಅನ್ನುವುದು ಅಷ್ಟು ಕೆಟ್ಟ ಮಾತೇ ಎಂದು ತಿಳಿದುಕೊಳ್ಳಲೆಂದೇ ಕೇಳಿದ ಹಾಗಿತ್ತು. "ಕಾಫಿ ತಗೊಳ್ಳಿ ಭಾಯ್" ಎಂದೆ. ಬೇಡ, ಹೊತ್ತಾಯಿತು ಎಂದು ಹೋದರು. ಅವತ್ತು ರೇಗಿ ಎರಡು ಮಾತು ಬೈದಿದ್ದರೂ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಆ ವಾರವೇ ಮನ್ಯಾ ಅಲ್ಲಿಯ ಟೀವಿಯೊಂದರಲ್ಲಿ ಮಾತಾಡಿದ. ಆ ತುಣುಕು ಮಾವಶಿಯ ಫೋನಿಗೂ ಬಂತು. ಅವರಿಗೆ ಪ್ರಾರ್ಥನೆಯ ಹೀಬ್ರೂ ಬಾಯಿಪಾಠ, ಆಡುವ ಹೀಬ್ರೂ ಬರುವುದಿಲ್ಲ. ಇಂಗ್ಲಿಷ್ ಸಾಲುಗಳು ಓಡುವ ವೇಗಕ್ಕೆ ಕಣ್ಣು ಸಾಲದು. ಫೋನು ಹಿಡಿದು ಹೋಟೆಲಿಗೇ ಬಂದರು.

"ಶಾಲು, ನನ್ನ ವಿಷಯ ಏನೋ ಹೇಳ್ತಾನೆ. ಏನದು, ಓದು."

ಓದಿದೆ. ಆ ಹೆಂಗಸು ನಮ್ಮ ನೆರೆಮನೆಯವಳು, ಚಿಕ್ಕಂದಿನಲ್ಲಿ ನನ್ನನ್ನು ನೋಡಿಕೊಂಡಿದ್ದಳು, ಈಗ ವಯಸ್ಸಾಗಿ ನೆನಪು ಸರಿಯಿಲ್ಲ. ಹೀಗಿತ್ತು. "ನೀವು ಚೆನ್ನಾಗಿದ್ದೀರಿ ಅಂತ ಹೇಳ್ತಿದ್ದಾನೆ ಮಾವಶಿ" ಎಂದೆ.

ಮಾವಶಿ ನನ್ನ ಮುಖವನ್ನೇ ನೋಡಿದರು. "ನಾನು ಆಪರೇಟರ್ ಆಗಿದ್ದವಳು. ಸಾಹೇಬರು ಸೀಟಿನಲ್ಲಿದ್ದರೂ ಇಲ್ಲ ಅಂತ ಹೇಳೋ ದನಿ ಎಷ್ಟು ಕೇಳಿಲ್ಲ! ಸರಿಯಾಗಿ ಓದು."

ಓದಿ ಹೇಳಿದೆ. 'ಶೇಜಾರೀಣ್', ನೆರೆಮನೆಯವಳು ಎಂಬ ಮಾತು ನನ್ನ ಬಾಯಿಂದ ಹೊರಡುವಾಗ ನಾಲಿಗೆ ಸೀಳಿಕೊಂಡು ಬಂದ ಹಾಗಾಯಿತು. ಅವರು ಎದುರಿದ್ದ ನೀರು ಪೂರ್ತಿ ಕುಡಿದು, ಲೋಟ ಮಗುಚಿ ಇಟ್ಟು, ಮನೆಗೆ ಹೋದರು.

ಮರುದಿನ ಮನ್ಯಾನ ಕಡೆಯಿಂದ ಮೂರು ಸಾಲು ಬಂತು, ಮಾವಶಿ ಹೇಳಬೇಕಾದ ಮಾತು. ನನಗೆ ವಯಸ್ಸಾಗಿದೆ. ಮಾತು ತಪ್ಪಿತು. ನಾನು ಹೇಳಬೇಕಾದದ್ದು ಸಿನಗಾಗ್. ಹಿಂದೆಯೇ ಅವನದೇ ದನಿಯ ಸಂದೇಶ: "ಶಾಲೂ, ನಿನಗೆ ಕೈ ಮುಗೀತೀನಿ. ಇದೊಂದು ವಿಡಿಯೋ ತೆಗೆದು ಕಳಿಸು. ಇಲ್ಲಾಂದ್ರೆ ನಾನು ಇಲ್ಲಿ ಮುಗಿದ ಹಾಗೆ."

ಆಗುವುದಿಲ್ಲ ಎನ್ನಬಹುದಿತ್ತು. ಆ ಮಾತು ತಪ್ಪಿದ್ದಲ್ಲ, ತಪ್ಪಿದ್ದು ನೀನೂ ನಾನೂ ಎನ್ನಬಹುದಿತ್ತು. ಎನ್ನಲಿಲ್ಲ. ನನ್ನಿಂದ ಅವನ ಬದುಕು ಹಾಳಾಯಿತು ಎಂಬ ಹೆದರಿಕೆ ಒಂದು. ಹೇಗಾದರೂ ಇದು ಮುಗಿದು ನಾನು ನಾಲ್ಕು ಜನರೆದುರು ಮುಖ ಎತ್ತುವಂತಾಗಲಿ ಎಂಬ ಆಸೆ ಇನ್ನೊಂದು. ಎರಡನೆಯದೇ ದೊಡ್ಡದಿತ್ತು ಎಂದು ಈಗ ಅನ್ನಿಸುತ್ತದೆ. ಅನ್ವಿತಾಳನ್ನು ಕರೆದರೆ, "ಮೈಂ ನಹೀಂ ಕರೂಂಗೀ. ಗಲ್ತೀ ಮೇರೀ ಥೀ, ಆಜೀ ಕೀ ನಹೀಂ" ಎಂದು ಕೋಣೆಯ ಬಾಗಿಲು ಹಾಕಿಕೊಂಡಳು. ತಪ್ಪು ತನ್ನದು, ಅಜ್ಜಿಯದಲ್ಲ ಎಂದು ಅಷ್ಟು ನೇರವಾಗಿ ಹೇಳಲು ಅವಳಿಗೆ ಬಂತು. ನಾನೇ ಫೋನು ಹಿಡಿದು ಮಾವಶಿಯ ಮನೆಗೆ ಹೋದೆ.

ನಾನು ಬಾಯಿ ತೆರೆಯುವ ಮೊದಲೇ ಅವರಿಗೆ ಎಲ್ಲ ತಿಳಿದಿತ್ತು. ಅವನು ಅವರಿಗೂ ಫೋನು ಮಾಡಿದ್ದ. ಹಬ್ಬಕ್ಕೆ ಉಡುವ ಹಸಿರು ಸೀರೆ ಉಟ್ಟು, ತಲೆ ಬಾಚಿ, ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು ಕೂತಿದ್ದರು. ಹೊರಗೆ ಮಳೆ ಸುರಿಯುತ್ತಲೇ ಇತ್ತು. ಕನ್ನಡಕ ಹಾಕಿ ಮೂರು ಸಾಲನ್ನು ಒಂದು ಸಲ ಮನಸ್ಸಿನಲ್ಲೇ ಓದಿಕೊಂಡರು.

"ಮಾವಶಿ, ಬೇಡ ಅಂದ್ರೆ ಬೇಡ" ಎಂದೆ. ಅಷ್ಟು ಮೆಲ್ಲಗೆ ಹೇಳಿದೆ ಎಂದರೆ ಅದು ಹೇಳಿದ ಲೆಕ್ಕಕ್ಕೆ ಬರುವುದಿಲ್ಲ.

"ಅವನಿಗೆ ಬೇಕಲ್ಲ. ನೆರೆಮನೆಯವಳು ಇಷ್ಟಾದರೂ ಮಾಡಬಾರದಾ? ಶುರು ಮಾಡು."

ಒಂದೇ ಸಲಕ್ಕೆ ಮುಗಿಸಿದರು. ಕಾರ್ಖಾನೆಯ ಬೋರ್ಡಿನ ಮುಂದೆ ಕೂತು ಎಷ್ಟೋ ವರ್ಷ ಮಾತಾಡಿದ ದನಿ. ಒಂದೊಂದು ಅಕ್ಷರ ಬಿಡಿಬಿಡಿಯಾಗಿ, ತಡವರಿಸದೆ ಬಂತು. ನೆನಪು ಸರಿಯಿಲ್ಲದವರು ಹಾಗೆ ಮಾತಾಡುವುದಿಲ್ಲ. ಮುಗಿದ ಮೇಲೆ, "ಲೈನ್ ಕಟ್ ಮಾಡು" ಎಂದು ಮುಖ ತಿರುಗಿಸಿಕೊಂಡರು. ನಾನು ಅದನ್ನೇ ಕಳಿಸಿದೆ.

ಅವನ ಹೆಸರು ಪಟ್ಟಿಯಲ್ಲಿ ಮೇಲೆಯೇ ಬಂತು. ಆಮೇಲೆ ಪಾರ್ಲಿಮೆಂಟಿಗೂ ಹೋದ. ನನಗೆ ಉದ್ದದ ಧನ್ಯವಾದ ಕಳಿಸಿದ. ಅದರಲ್ಲಿ ಇಡ್ಲಿ ಎಂಬ ಮಾತಿರಲಿಲ್ಲ. ಮಾವಶಿಗೆ ಹಬ್ಬದ ದಿನ ಫೋನು ಮಾಡಿದನಂತೆ. "ಗಡಿಬಿಡಿಯಲ್ಲಿದ್ದ ಪಾಪ" ಎಂದರು. ಬಳಗದವರು ಮತ್ತೆ ಚಪ್ಪಾಳೆ ಹೊಡೆದರು. ಆ ಗ್ರೂಪಿನಿಂದ ನಾನು ಹೊರಗೆ ಬಂದೆ, ಟೀವಿಯಲ್ಲೂ ಅವನನ್ನು ಹಾಕುವುದು ಬಿಟ್ಟೆ. ಅದರಿಂದ ಯಾರಿಗೂ ಏನೂ ಆಗಲಿಲ್ಲ. ಅನ್ಸಾರಿ ಭಾಯ್ ಈಗಲೂ ಬಟ್ಟೆ ತರುತ್ತಾರೆ, ನಿಂತೇ ಮಾತಾಡಿ ಹೋಗುತ್ತಾರೆ.

ಆ ವರ್ಷವೇ ಮಳೆ ಹಿಂದೆ ಸರಿಯುತ್ತಿದ್ದ ಒಂದು ಶುಕ್ರವಾರ. ಸಂಜೆ ಇನ್ನೂ ಬೆಳಕಿತ್ತು, ಸಣ್ಣಗೆ ಹನಿಯುತ್ತಿತ್ತು. ಮಾವಶಿ ಪ್ರಾರ್ಥನೆಗೆ ಹೊರಟಿದ್ದರು. ಕೊಡೆ ಹಿಡಿದು ನಾನು ಅವರನ್ನು ರಿಕ್ಷಾ ಸ್ಟ್ಯಾಂಡಿನವರೆಗೆ ಕರೆದೊಯ್ದೆ. ಪ್ರತಿ ಶುಕ್ರವಾರ ಅವರನ್ನು ಬಿಟ್ಟು ಬರುವ ರಿಕ್ಷಾದವನೇ ಇದ್ದ. ಮೀಟರು ತಿರುಗಿಸುತ್ತ, "ಮಶೀದ್ ನಾ, ಮಾವಶಿ?" ಎಂದ.

"ನಾಹೀ. ಸಿನಗಾಗ್" ಎಂದರು ಮಾವಶಿ.

ಅವನು ಹಿಂದಕ್ಕೆ ತಿರುಗಿದ. "ತೇ ಕುಠಂ?"

ಅದು ಎಲ್ಲಿದೆ ಎಂದು ಹೇಳಲು ಅವರು ಬಾಯಿ ತೆರೆದರು. ಹನುಮಂತನ ಗುಡಿ, ಮೂಲೆಯ ಔಷಧದ ಅಂಗಡಿ ಎಂದು ಏನೇನೋ ಗುರುತು ಹೇಳಲು ಹೋಗಿ ಸುಮ್ಮನಾದರು. ಹಿಂದಿನ ರಿಕ್ಷಾಗಳು ಹಾರ್ನ್ ಹೊಡೆಯುತ್ತಿದ್ದವು. ಮಾವಶಿ ಸೆರಗು ಹೊದ್ದುಕೊಂಡು ನನ್ನ ಕಡೆ ನೋಡಿದರು.

"ನೀನೇ ಹೇಳು, ಶಾಲು. ನನಗೆ ವಯಸ್ಸಾಗಿದೆ, ಮಾತು ತಪ್ಪುತ್ತೆ."

ನಾನು ಕೊಡೆಯ ಕೆಳಗೆ ಬಗ್ಗಿ, ಅವನೊಬ್ಬನಿಗೇ ಕೇಳುವಷ್ಟು ಸಣ್ಣ ದನಿಯಲ್ಲಿ ಹೇಳಿದೆ, ಮಶೀದ್.